ಮಳವಲಿಯಲ್ಲಿ ಇಳಿದರೆ

ಕಾರು ಮಾರಿದ್ದು 2019ರಲ್ಲಿ. ಪರಿಸರದ ಕಾಳಜಿಯಿಂದ ಮಾರಿದೆ ಎಂದು ಆಫೀಸಿನಲ್ಲಿ ಕೆಲವರು ಅಂದುಕೊಂಡರು, ನಾನೂ ತಿದ್ದಲು ಹೋಗಲಿಲ್ಲ. ನಿಜ ಸಂಗತಿ ಬೇರೆ. ಬಲಗಣ್ಣಿನ ರೆಟಿನಾ ಕೈಕೊಟ್ಟಿತ್ತು. ಎದುರಿನ ಗಾಡಿಯ ಹೆಡ್‌ಲೈಟು ಬಿದ್ದರೆ ರಸ್ತೆಯೇ ಮಾಯವಾಗುತ್ತಿತ್ತು. ಕಣ್ಣಿನ ಡಾಕ್ಟರು ಸಮಾಧಾನವಾಗಿಯೇ ಹೇಳಿದರು, ಇನ್ನು ಡ್ರೈವಿಂಗ್ ಬೇಡ ಅಂತ. ಹೆಂಡತಿಗೆ ಸ್ಟೀರಿಂಗ್ ಹಿಡಿಯುವ ಆಸೆ ಎಂದೂ ಇರಲಿಲ್ಲ. ಹಾಗಾಗಿ ಪುಣೆಯ ಚಿಂಚವಡದ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ನಮ್ಮ ಜಾಗ ಖಾಲಿಯಾಯಿತು. ಈಗ ಅಲ್ಲಿ ಮಗಳ ಸೈಕಲ್ಲು ಒಂದೇ ನಿಂತಿರುತ್ತದೆ.

ಪುಣೆಯಲ್ಲಿ ಶನಿವಾರ ಬಂತೆಂದರೆ ಹಿಂಜವಡಿಯ ಐಟಿ ಜನ ಕಾರು ಹತ್ತಿ ಊರು ಬಿಡುತ್ತಾರೆ. ಸೋಮವಾರ ಕಾಫಿ ಮಷೀನಿನ ಮುಂದೆ ಅದರ ವರದಿ ಒಪ್ಪಿಸುತ್ತಾರೆ. ಎಲ್ಲಿಗೂ ಹೋಗದವನು ಎಂಬ ಹೆಸರು ಬರಬಾರದೆಂಬ ಹಟದಿಂದಲೇ ನಾನು ಕಾರಿಲ್ಲದ ಒಂದು ದಿನದ ಪ್ರವಾಸಗಳನ್ನು ಶುರು ಮಾಡಿದ್ದು. ಇತಿಹಾಸದ ಆಸಕ್ತಿ ಬಂದದ್ದು ಆಮೇಲೆ, ಅದೂ ರೈಲು ತಪ್ಪಿದ್ದರಿಂದ.

2020ರ ಜನವರಿ, ಮಗಳಿಗೆ ಆಗ ಎಂಟು ವರ್ಷ. ಲೋಣಾವಳಾ ಲೋಕಲ್ ಹತ್ತಿ ಮಳವಲಿಯಲ್ಲಿ ಇಳಿದು ಕಾರ್ಲೆಯ ಗುಹೆ ನೋಡಿ ಊಟದ ಹೊತ್ತಿಗೆ ಮನೆ ಸೇರುವುದು ಪ್ಲಾನು. ಆ ನಿಲ್ದಾಣವನ್ನು ಆರಿಸಿದ್ದಕ್ಕೆ ಅರ್ಧ ಕಾರಣ ಅದರ ಹೆಸರು. ಮಂಡ್ಯದ ಮಳವಳ್ಳಿಗೂ ಈ ಮಳವಲಿಗೂ ಸಂಬಂಧವೇನಿಲ್ಲ, ಆದರೆ ಹೊರನಾಡಿನಲ್ಲಿರುವವನ ಕಿವಿ ಇಂಥದ್ದಕ್ಕೆಲ್ಲ ನೆಟ್ಟಗಾಗುತ್ತದೆ. ಹೋಗುವ ರೈಲನ್ನು ನೋಡಿದ್ದೆ, ಬರುವ ರೈಲನ್ನು ನೋಡಿರಲಿಲ್ಲ. ಹದಿನೆಂಟು ವರ್ಷ ಪ್ರಾಜೆಕ್ಟ್ ಶೆಡ್ಯೂಲು ಬರೆದು ಸಂಬಳ ತಿಂದವನು ಮಾಡಬಾರದ ತಪ್ಪು ಅದು. ಈ ಮಾರ್ಗದಲ್ಲಿ ಬೆಳಗ್ಗೆ ಮತ್ತು ಸಂಜೆ ಲೋಕಲ್‌ಗಳಿವೆ, ಮಧ್ಯಾಹ್ನ ನಡುವೆ ದೊಡ್ಡ ಅಂತರ. ನಾವು ಕಾರ್ಲೆಯಿಂದ ಓಡೋಡಿ ಬರುವಷ್ಟರಲ್ಲಿ ಬೆಳಗಿನ ಕೊನೆಯ ಗಾಡಿ ಹೊರಟಿತ್ತು.

ಪ್ಲಾಟ್‌ಫಾರ್ಮಿನಲ್ಲಿ ಮಗಳು ವಡಾಪಾವ್ ತಿನ್ನುತ್ತ ದಕ್ಷಿಣದ ಗುಡ್ಡ ತೋರಿಸಿ, "ಅಪ್ಪಾ, ಅಲ್ಲೂ ತೂತುಗಳಿವೆ ನೋಡು" ಅಂದಳು. ಅದು ಭಾಜೆ. ಎಕ್ಸ್‌ಪ್ರೆಸ್‌ವೇ ಮೇಲಿನ ಸೇತುವೆ ದಾಟಿ ನಡೆದೆವು. ಕೆಳಗೆ ನಮ್ಮ ಆಫೀಸಿನವರಂಥವರ ಕಾರುಗಳು ಗಂಟೆಗೆ ನೂರು ಕಿಲೋಮೀಟರಿನಲ್ಲಿ ಹೋಗುತ್ತಿದ್ದವು, ಒಂದೂ ನಿಲ್ಲುವಂತಿಲ್ಲ. ಭಾಜೆಯ 22 ಗುಹೆಗಳು ಕ್ರಿಸ್ತಪೂರ್ವ ಎರಡನೇ ಶತಮಾನದಷ್ಟು ಹಳೆಯವು, ಕಾರ್ಲೆಯ ದೊಡ್ಡ ಚೈತ್ಯಕ್ಕಿಂತಲೂ ಹಿಂದಿನವು. ಅಲ್ಲಿಯ ಮೆಟ್ಟಿಲ ಮೇಲೆ ಕೂತು ಉತ್ತರಕ್ಕೆ ನೋಡಿದರೆ ಕಾರ್ಲೆಯ ಗುಡ್ಡ ಎದುರಿಗೇ. ನಡುವೆ ಇಂದ್ರಾಯಣಿಯ ಬಯಲು. ಆ ಬಯಲಿನಲ್ಲಿ ಹಳೆಯ ಹೆದ್ದಾರಿ, ರೈಲು ಹಳಿ, ಹೊಸ ಎಕ್ಸ್‌ಪ್ರೆಸ್‌ವೇ ಮೂರೂ ಪಕ್ಕಪಕ್ಕದಲ್ಲಿ ಮಲಗಿವೆ. ಮೂರು ಕಾಲದ ಮೂರು ದಾರಿಗಳೂ ಇದೇ ಕಣಿವೆಯನ್ನು ಯಾಕೆ ಹಿಡಿದವು?

ಉತ್ತರ ಘಾಟಿಯಲ್ಲಿದೆ. ಕೊಂಕಣದ ಬಂದರುಗಳಿಂದ ಸರಕು ದಖನಿಗೆ ಏರಬೇಕಾದರೆ ಸಹ್ಯಾದ್ರಿಯನ್ನು ಎಲ್ಲಿ ಬೇಕಾದರೂ ಹತ್ತಲಾಗುವುದಿಲ್ಲ. ಹತ್ತಬಹುದಾದ ಕೆಲವೇ ಕಂಡಿಗಳಲ್ಲಿ ಬೋರ್ ಘಾಟ್ ಒಂದು. ಅದನ್ನು ಏರಿ ಬಂದವರಿಗೆ ಮೊದಲು ಸಿಗುವ ಸಮತಟ್ಟು ನೆಲ ಈ ಮಾವಳ ಪ್ರಾಂತ್ಯ. ಕಾರ್ಲೆಯ ಶಾತವಾಹನ ಶಾಸನವೊಂದು 'ಮಾಮಾಲ'ದ ಅಧಿಕಾರಿಯನ್ನು ಹೆಸರಿಸುತ್ತದೆ. ಇವತ್ತಿನ ಮಾವಳ ತಾಲ್ಲೂಕು ಅದೇ. ಕತ್ತೆ, ಎತ್ತುಗಳ ಮೇಲೆ ಸರಕು ಹೇರಿಕೊಂಡು ಬಂದವರು ಎಲ್ಲಿ ತಂಗುತ್ತಿದ್ದರೋ ಆ ಬಯಲು ಕಾಣುವ ಗುಡ್ಡಗಳಲ್ಲಿ ಭಿಕ್ಷುಗಳು ಗುಹೆ ಮಾಡಿಕೊಂಡರು. ಭಿಕ್ಷೆ ಸಿಗುವಷ್ಟು ಹತ್ತಿರ, ಸಂತೆಯ ಗಲಾಟೆ ತಲುಪದಷ್ಟು ದೂರ. ಬೆಳಗ್ಗೆ ಕೆಳಗಿಳಿದು ಮಧ್ಯಾಹ್ನದೊಳಗೆ ಮೇಲೆ ಹೋಗಬಹುದು. ಒಂದು ದಿನದೊಳಗೆ ಕಾಲ್ನಡಿಗೆಯಲ್ಲಿ ಹೋಗಿ ಬರುವ ಲೆಕ್ಕ ಈ ಜಾಗಗಳ ಹುಟ್ಟಿನಲ್ಲೇ ಇದೆ. ಕಾರಿನಲ್ಲಿ ಬಂದಾಗ ನನಗೆ ಇದು ಹೊಳೆದಿರಲಿಲ್ಲ. ಆಗ ಕಾರ್ಲೆ ಎಂದರೆ ಫೋನಿನ ನಕ್ಷೆಯ ಮೇಲಿನ ಒಂದು ಚುಕ್ಕೆ, ಪಾರ್ಕಿಂಗ್ ಚೀಟಿ, ವಾಪಸು ಬರುವಾಗಿನ ಟ್ರಾಫಿಕ್ಕು.

ಈ ನಂಟನ್ನು ಗಟ್ಟಿಯಾಗಿ ಹೇಳಿದವರು ಡಿ. ಡಿ. ಕೋಸಂಬಿ. ಓದಿದ್ದು ಹಾರ್ವರ್ಡ್‌ನಲ್ಲಿ, ವೃತ್ತಿ ಗಣಿತ, ಕೆಲಸ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ, ಮನೆ ಪುಣೆಯಲ್ಲಿ. ಡೆಕ್ಕನ್ ಕ್ವೀನ್ ಹಿಡಿದು ಮುಂಬೈಗೆ ಓಡಾಡುತ್ತಿದ್ದರು. ಬಿಡುವಿನಲ್ಲಿ ಕೋಲು ಹಿಡಿದು ಪುಣೆಯ ಸುತ್ತಲಿನ ಗುಡ್ಡಗಳಲ್ಲಿ ನಡೆಯುತ್ತಿದ್ದರು. ಹಳೆಯ ದಾರಿಗಳು ಕೂಡುವ ಕಡೆ ತಾಯಿದೇವತೆಯ ನೆಲೆ ಇರುತ್ತದೆ, ಅದರ ಹತ್ತಿರ ಬೌದ್ಧ ಗುಹೆ ಇರುತ್ತದೆ ಎಂಬ ಅವರ ವಾದ 1962ರ 'ಮಿಥ್ ಅಂಡ್ ರಿಯಾಲಿಟಿ' ಪುಸ್ತಕದಲ್ಲಿದೆ. ಕಾರ್ಲೆಯಲ್ಲಿ ಅದಕ್ಕೆ ಪುರಾವೆ ಹುಡುಕಬೇಕಿಲ್ಲ. ಚೈತ್ಯದ ಬಾಗಿಲ ಮುಂದೆಯೇ ಏಕವೀರಾ ದೇವಿಯ ಗುಡಿ ಇದೆ. ಕೊಂಕಣದಿಂದ ಕೋಳಿಗಳು, ಅಂದರೆ ಮೀನುಗಾರ ಸಮುದಾಯದವರು, ಇಂದಿಗೂ ಘಾಟಿ ಹತ್ತಿ ಇಲ್ಲಿಗೆ ಬರುತ್ತಾರೆ. ಚೈತ್ರದ ಜಾತ್ರೆಯ ದಿನಗಳಲ್ಲಿ ನೀವು ಮಾತ್ರ ಹೋಗಬೇಡಿ, ಮೆಟ್ಟಿಲಿನ ಮೇಲೆ ಕಾಲಿಡಲು ಜಾಗ ಇರುವುದಿಲ್ಲ.

ಇನ್ನು ರೈಲಿನ ಕತೆ. ಬೋರ್ ಘಾಟಿನ ರಸ್ತೆ ಗಾಡಿ ಓಡುವಂತಾದದ್ದು 1830ರಲ್ಲಿ, ಜಾನ್ ಮಾಲ್ಕಂ ಮುಂಬೈನ ಗವರ್ನರ್ ಆಗಿದ್ದಾಗ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ 34 ಕಿಲೋಮೀಟರು ಓಡಿದ ರೈಲು ಮರುವರ್ಷ ಕಲ್ಯಾಣ್‌ಗೆ, 1856ರಲ್ಲಿ ಘಾಟಿಯ ಬುಡದ ಖೋಪೋಲಿಗೆ ಬಂತು. ಮೇಲ್ಗಡೆ 1858ರಲ್ಲಿ ಪುಣೆಯಿಂದ ಖಂಡಾಳಾದವರೆಗೆ ಹಳಿ ಬಿತ್ತು. ನಡುವಿನ ತುಂಡು ಮಾತ್ರ ಬಾಕಿ. ಐದು ವರ್ಷ ಪ್ರಯಾಣಿಕರು ಕೆಳಗೆ ರೈಲಿಳಿದು, ಪಲ್ಲಕ್ಕಿಯಲ್ಲೋ ತಟ್ಟುವಿನ ಮೇಲೋ ಗಾಡಿಯಲ್ಲೋ ಘಾಟಿ ಹತ್ತಿ, ಮೇಲೆ ಮತ್ತೊಂದು ರೈಲು ಹಿಡಿಯುತ್ತಿದ್ದರು.

ಆ ತುಂಡಿನ ಬಗ್ಗೆ ಓದಿದಾಗಲೆಲ್ಲ ನನ್ನ ವೃತ್ತಿಬುದ್ಧಿ ಎಚ್ಚರವಾಗುತ್ತದೆ. ಉದ್ದ ಸುಮಾರು 24 ಕಿಲೋಮೀಟರು, 25 ಸುರಂಗ, 37 ಅಡಿ ಮುಂದೆ ಹೋದರೆ ಒಂದಡಿ ಏರುವ ಕಡಿದು. ನಡುವೆ ಒಂದು ಕಡೆ ರೈಲು ತಿರುಗಲು ಜಾಗವೇ ಇಲ್ಲದೆ ಎಂಜಿನ್ನನ್ನು ಇನ್ನೊಂದು ತುದಿಗೆ ಕಟ್ಟಿ ದಿಕ್ಕು ಬದಲಿಸಬೇಕಿತ್ತು. ಮೊದಲ ಗುತ್ತಿಗೆದಾರನ ಕಾಲದಲ್ಲಿ ಕೂಲಿ ಸರಿಯಾಗಿ ಸಿಗದೆ 1859ರಲ್ಲಿ ಕೆಲಸಗಾರರು ದಂಗೆ ಎದ್ದರು, ಅವನು ಕೈಬಿಟ್ಟ. ಆಮೇಲೆ ಗುತ್ತಿಗೆ ಹಿಡಿದ ಸಾಲೊಮನ್ ಟ್ರೆಡ್ವೆಲ್ ಇಂಗ್ಲೆಂಡಿನಿಂದ ಬಂದು ಕೆಲವೇ ವಾರಗಳಲ್ಲಿ ತೀರಿಕೊಂಡ. ಅವನ ಹೆಂಡತಿ ಆಲಿಸ್ ಊರಿಗೆ ಮರಳದೆ ಗುತ್ತಿಗೆಯನ್ನು ತಾನೇ ವಹಿಸಿಕೊಂಡು, ಎಂಜಿನಿಯರುಗಳನ್ನು ನೇಮಿಸಿ ಕೆಲಸ ಪೂರೈಸಿದಳು. 1861ರಲ್ಲಿ ಈ ಘಾಟಿಯಲ್ಲಿ ಏಕಕಾಲಕ್ಕೆ 42,000 ಜನ ದುಡಿಯುತ್ತಿದ್ದರು. ಕಾಲರಾಕ್ಕೆ ಜನ ಸಾಲುಸಾಲಾಗಿ ಸತ್ತರು. ಮುಖ್ಯ ಎಂಜಿನಿಯರ್ ಜೇಮ್ಸ್ ಬರ್ಕ್ಲಿ ಮಾರ್ಗ ತೆರೆಯುವುದನ್ನು ನೋಡದೆ 1862ರಲ್ಲೇ ತೀರಿಕೊಂಡ. 1863ರ ಏಪ್ರಿಲ್ 21ರಂದು ಘಾಟಿ ತೆರೆಯಿತು. ಪುಣೆ ಮತ್ತು ಮುಂಬೈ ಒಂದೇ ದಿನದಲ್ಲಿ ಹೋಗಿಬರುವ ಊರುಗಳಾಗುವ ಹಾದಿ ಅಲ್ಲಿಂದ ಶುರು. 1930ರ ಜೂನ್ 1ರಂದು ಹೊರಟ ಡೆಕ್ಕನ್ ಕ್ವೀನ್ ಮೊದಮೊದಲು ಓಡಿದ್ದು ವಾರಾಂತ್ಯಕ್ಕೆ ಮಾತ್ರ. ನಾವು ಶನಿವಾರ ಊರು ಬಿಡುವುದು ಹೊಸ ಚಾಳಿಯೇನಲ್ಲ.

ಈ ಕತೆಯಲ್ಲಿ ಹೆಸರು ಉಳಿದಿರುವುದು ಬರ್ಕ್ಲಿಯದು, ಟ್ರೆಡ್ವೆಲ್ ದಂಪತಿಯದು. ಬುಟ್ಟಿ ಹೊತ್ತವರದಲ್ಲ. ಇದನ್ನು ಹೇಳಲು ಕಾರಣವಿದೆ. ಅದೇ ಕಣಿವೆಯಲ್ಲಿ, ಅದಕ್ಕೆ ಸಾವಿರದ ಏಳುನೂರು ವರ್ಷ ಮೊದಲು ನಡೆದ ಇನ್ನೊಂದು ದೊಡ್ಡ ಕಾಮಗಾರಿಯಲ್ಲಿ ಬಡಗಿಯ ಹೆಸರೂ ಇದೆ.

ಕಾರ್ಲೆಯ ಚೈತ್ಯದ ಉದ್ದ ಸುಮಾರು 124 ಅಡಿ, ಎತ್ತರ 45 ಅಡಿ. ಒಳಗೆ ಹೋದರೆ ಮೊದಲು ಏನೂ ಕಾಣುವುದಿಲ್ಲ. ನನ್ನ ಕಣ್ಣಿಗಂತೂ ಹೊತ್ತು ಹಿಡಿಯುತ್ತದೆ. ಆಮೇಲೆ ನಿಧಾನಕ್ಕೆ ಕಂಬಗಳ ಸಾಲು ಮೂಡುತ್ತದೆ. ಎರಡೂ ಕಡೆ ಹದಿನೈದು ಹದಿನೈದು, ತಲೆಯ ಮೇಲೆ ಆನೆ ಏರಿದ ಜೋಡಿಗಳು. ಸ್ತೂಪದ ಹಿಂದೆ ಏಳು ಬೋಳು ಕಂಬಗಳು. ಮೇಲೆ ನೋಡಿದರೆ ಕಲ್ಲಿನ ಚಾವಣಿಗೆ ಮರದ ಪಕ್ಕೆಲುಬುಗಳು. ಅವು ಗುಹೆಯಷ್ಟೇ ಹಳೆಯವು, ಎರಡು ಸಾವಿರ ವರ್ಷದ ಮರ. ಕಂಬಗಳ ಮೇಲೆ ಬ್ರಾಹ್ಮಿಯಲ್ಲಿ ಕೊಟ್ಟವರ ಹೆಸರುಗಳು. ಯಾವುದೋ ಒಬ್ಬ ರಾಜ ಖಜಾನೆ ತೆರೆದು ಮಾಡಿಸಿದ್ದಲ್ಲ ಇದು. ಒಂದೊಂದು ಕಂಬಕ್ಕೆ ಒಬ್ಬೊಬ್ಬರ ಹಣ. ಧೇನುಕಾಕಟ ಎಂಬ ಊರಿನ ಯವನರು ಹಲವರು. ಸೋಪಾರದಿಂದ ಒಬ್ಬ ಭಿಕ್ಷು. ಬಾಗಿಲಿಗೆ ದಾನ ಮಾಡಿದ್ದು ಸಿಂಹದತ್ತ ಎಂಬ ಗಂಧದ ವ್ಯಾಪಾರಿ. ಬಾಗಿಲನ್ನು ಮಾಡಿದ್ದು ವೇಣುವಾಸನ ಮಗ ಸಾಮಿ ಎಂಬ ಬಡಗಿ. ಕಲ್ಲಿನ ಕೆಲಸಕ್ಕೆ ಬಡಗಿ ಯಾಕೆ ಎಂದರೆ ಇಡೀ ಚೈತ್ಯವೇ ಮರದ ಮನೆಯ ಅನುಕರಣೆ. ನಹಪಾನನ ಅಳಿಯ ಉಷವದಾತ ಇಲ್ಲಿಯ ಭಿಕ್ಷುಗಳಿಗೆ ಕರಜಿಕ ಎಂಬ ಹಳ್ಳಿ ಬಿಟ್ಟುಕೊಟ್ಟ. ಶಾತವಾಹನರು ಈ ನಾಡನ್ನು ಗೆದ್ದ ಮೇಲೆ ಅದೇ ಹಳ್ಳಿಯನ್ನು ತಮ್ಮ ಹೆಸರಿನಲ್ಲಿ ಮತ್ತೊಮ್ಮೆ ದಾನ ಕೊಟ್ಟರು. ಸರ್ಕಾರ ಬದಲಾದಾಗ ಹಳೆಯ ಯೋಜನೆಗೆ ಹೊಸ ಬೋರ್ಡು ಹಾಕುವ ಪದ್ಧತಿಗೂ ವಯಸ್ಸಾಗಿದೆ.

ವರಾಂಡದ ಎಡಗಡೆಯ ಗೋಡೆಯಲ್ಲಿ ಒಂದು ಸಣ್ಣ ಶಾಸನವಿದೆ. ಇಲ್ಲಿಯ ಶಾಸನಗಳನ್ನು ಓದಿ ಪ್ರಕಟಿಸಿದ ಫ್ರೆಂಚ್ ವಿದ್ವಾಂಸ ಸೆನಾರ್ ಅದಕ್ಕೆ ಒಂದನೇ ನಂಬರು ಕೊಟ್ಟಿದ್ದಾರೆ. ವೈಜಯಂತಿಯ ಶ್ರೇಷ್ಠಿ ಭೂತಪಾಲ ಈ ಶಿಲಾಗೃಹವನ್ನು ಪೂರ್ಣಗೊಳಿಸಿದ, ಜಂಬೂದ್ವೀಪದಲ್ಲೇ ಇದು ಉತ್ತಮವಾದದ್ದು ಎಂಬುದು ಅದರ ತಾತ್ಪರ್ಯ. ವೈಜಯಂತಿ ಎಂದರೆ ಬನವಾಸಿ.

ನಾನು ಶಿರಸಿ ಕಡೆಯವನು. ನಮ್ಮ ಮನೆಯಿಂದ ಬನವಾಸಿಗೆ ಬಸ್ಸಿನಲ್ಲಿ ಒಂದು ಗಂಟೆಯೂ ಬೇಡ. ಮಧುಕೇಶ್ವರನ ತೇರಿಗೆ ಅಪ್ಪಯ್ಯನ ಹೆಗಲ ಮೇಲೆ ಕೂತು ಹೋದವನು. ಮಯೂರವರ್ಮನನ್ನೂ ಪಂಪನನ್ನೂ ಶಾಲೆಯಲ್ಲಿ ಓದಿದ್ದೆ. ಪಂಪ ಬನವಾಸಿಯನ್ನು ನೆನೆದು ಬರೆಯುವ ಹೊತ್ತಿಗೆ ಈ ಭೂತಪಾಲ ಸತ್ತು ಎಂಟುನೂರು ವರ್ಷದ ಮೇಲಾಗಿತ್ತು. ಕದಂಬರು ಇನ್ನೂ ಹುಟ್ಟಿರದ ಕಾಲದ ನಮ್ಮೂರ ಸಾಹುಕಾರ ಪುಣೆಯ ಹತ್ತಿರ ಬಂದು, ಹತ್ತಾರು ಊರಿನವರು ಕಂಬಕ್ಕೊಬ್ಬರಂತೆ ಎತ್ತಿ ನಿಲ್ಲಿಸಿದ ಕೆಲಸವನ್ನು ಮುಗಿಸಿ ಕೊಟ್ಟಿದ್ದ. ಶುರು ಮಾಡಿದವನು ಎಂದಲ್ಲ, ಮುಗಿಸಿದವನು ಎಂದು ಬರೆಸಿಕೊಂಡ. ನನ್ನಂಥ ಕಸುಬಿನವನಿಗೆ ಆ ಕ್ರಿಯಾಪದದ ಬೆಲೆ ಗೊತ್ತು.

ಬನವಾಸಿಯಿಂದ ಇಲ್ಲಿಗೆ ಐನೂರು ಕಿಲೋಮೀಟರಿನ ಹತ್ತಿರ. ಎತ್ತಿನ ಸಾಲು ದಿನಕ್ಕೆ ಹದಿನೈದು ಇಪ್ಪತ್ತು ಕಿಲೋಮೀಟರು ನಡೆದರೂ ಒಂದು ತಿಂಗಳ ದಾರಿ. ನಮ್ಮ ಶಿರಸಿಗೆ ಇವತ್ತಿಗೂ ರೈಲಿಲ್ಲ. ನಾನು ರಾತ್ರಿ ಬಸ್ಸಿನಲ್ಲಿ ಮಲಗಿ ಬರುತ್ತೇನೆ.

ಈ ಪತ್ರಿಕೆ ಓದುವ ಎಲ್ಲರೂ ಪುಣೆಯವರಲ್ಲ. ಮುಂಬೈನಲ್ಲಿರುವವರು ಬೋರಿವಲಿಯಲ್ಲಿ ಇಳಿದು ರಾಷ್ಟ್ರೀಯ ಉದ್ಯಾನದ ಗೇಟಿನವರೆಗೆ ನಡೆದರೆ ಸಾಕು, ಅಲ್ಲಿಂದ ಕಾನ್ಹೇರಿ ಗುಹೆಗಳಿಗೆ ಒಳಗಿನ ಬಸ್ಸು ಸಿಗುತ್ತದೆ (ಸೋಮವಾರ ರಜೆ). ಅಲ್ಲಿಯ ಒಂಬತ್ತನೇ ಶತಮಾನದ ಶಾಸನಗಳಲ್ಲಿ ಮಾನ್ಯಖೇಟದ ಅಮೋಘವರ್ಷನ ಹೆಸರಿದೆ, ಕೊಂಕಣವನ್ನು ಆಳುತ್ತಿದ್ದ ಶಿಲಾಹಾರರು ಅವನ ಸಾಮಂತರು. 'ಕವಿರಾಜಮಾರ್ಗ'ದ ಕಾಲ. ದೂರದ ಗೌಡ ದೇಶದಿಂದ, ಅಂದರೆ ಬಂಗಾಳದ ಕಡೆಯಿಂದ, ಬಂದ ಒಬ್ಬ ಅಲ್ಲಿ ದಾನ ಕೊಟ್ಟದ್ದನ್ನೂ ಬರೆಸಿದ್ದಾನೆ. ಅದೇ ಕಾನ್ಹೇರಿಗೆ 1009ರಲ್ಲಿ ಮತ್ತು 1021ರಲ್ಲಿ ಪಾರ್ಸಿಗಳ ಗುಂಪು ಬಂದು ಪಹ್ಲವಿ ಲಿಪಿಯಲ್ಲಿ ತಾರೀಕು, ತಮ್ಮೆಲ್ಲರ ಹೆಸರು ಕೆತ್ತಿ ಹೋಗಿದೆ. ದಾನವಿಲ್ಲ, ಹರಕೆಯಿಲ್ಲ, ನೋಡಲು ಬಂದಿದ್ದೆವು ಅಷ್ಟೇ. ಚೆನ್ನೈನವರು ಬೀಚ್ ಸ್ಟೇಷನ್ನಿನಿಂದ ಚೆಂಗಲ್ಪಟ್ಟು ಮಾರ್ಗವಾಗಿ ಕಾಂಚೀಪುರದ ಲೋಕಲ್ ಹಿಡಿಯಬಹುದು. ಕೈಲಾಸನಾಥ ದೇವಸ್ಥಾನದ ಕಂಬದ ಮೇಲೆ ಚಾಲುಕ್ಯ ಎರಡನೇ ವಿಕ್ರಮಾದಿತ್ಯನ ಕನ್ನಡ ಶಾಸನವಿದೆ. ಕಾಂಚಿಯನ್ನು ಗೆದ್ದರೂ ದೇವರ ಸಂಪತ್ತನ್ನು ದೇವರಿಗೇ ಬಿಟ್ಟುಕೊಟ್ಟ ಎನ್ನುವ ಶಾಸನ. ಹೋಗುವವರಿಗೆ ನನ್ನದೊಂದೇ ಸಲಹೆ, ಪ್ಲಾನನ್ನು ಹಿಂದಿನಿಂದ ಬರೆಯಿರಿ. ಮೊದಲು ವಾಪಸು ರೈಲು, ಅದರಿಂದ ಹಿಂದಕ್ಕೆ ನಡೆಯುವ ಹೊತ್ತು, ಊಟ, ನೋಡುವ ಹೊತ್ತು, ಕೊನೆಯಲ್ಲಿ ಮನೆ ಬಿಡುವ ಹೊತ್ತು.

ಹೋದ ಫೆಬ್ರವರಿಯ ಕೊನೆಗೆ ಅಡಿಕೆ ಕೊಯ್ಲು ಮುಗಿಸಿಕೊಂಡು ಅಪ್ಪಯ್ಯ ಪುಣೆಗೆ ಬಂದಿದ್ದರು. ವಯಸ್ಸು 74. ಬಂದದ್ದು ಮೊಮ್ಮಗಳನ್ನು ನೋಡಲು ಎಂದು ಹೇಳಿದ್ದರೂ ಮಾತಾಡಬೇಕಾದದ್ದು ಬೇರೆ ಇತ್ತು. ತೋಟ ನೋಡಿಕೊಳ್ಳಲು ಇನ್ನು ಅವರಿಂದ ಆಗುವುದಿಲ್ಲ. ಫಸಲನ್ನು ಗುತ್ತಿಗೆಗೆ ಕೊಡುವುದೋ, ಮಾರುವುದೋ, ನಾನು ಬರುತ್ತೇನೋ. ನಾಲ್ಕು ದಿನ ಆದರೂ ಇಬ್ಬರೂ ಆ ಮಾತೆತ್ತಲಿಲ್ಲ. ಐದನೆಯ ದಿನ ಭಾನುವಾರ, ಕಾರ್ಲೆಗೆ ಹೊರಟೆವು.

ಶೀಟಿನಲ್ಲಿ ಅಪ್ಪಯ್ಯನ ಮಂಡಿಗೆಂದೇ ಒಂದು ಗಂಟೆ ಹೆಚ್ಚುವರಿ ಇಟ್ಟಿದ್ದೆ. ಮಳವಲಿಯಿಂದ ರಿಕ್ಷಾದಲ್ಲಿ ಗುಡ್ಡದ ಬುಡಕ್ಕೆ. ಅಲ್ಲಿಂದ ಮುನ್ನೂರು ಚಿಲ್ಲರೆ ಮೆಟ್ಟಿಲು. ಹೂವು, ತೆಂಗಿನಕಾಯಿ, ಪೇಡಾದ ಅಂಗಡಿಗಳ ಮುಂದೆ ಅವರನ್ನು ಕೂರಿಸಿಕೊಂಡು, ನೀರು ಕುಡಿಸಿಕೊಂಡು ಹತ್ತಿಸಿದೆವು. ದೇವಿಗೆ ಕೈಮುಗಿದು ಅವರು ಚೈತ್ಯದ ಒಳಗೆ ಹೋದರು. ಮರದ ಪಕ್ಕೆಲುಬುಗಳನ್ನೇ ಬಹಳ ಹೊತ್ತು ನೋಡಿದರು. "ಸಾಗವಾನಿ," ಅಂದರು. "ಗೆದ್ದಲು ಹತ್ತಲಿಲ್ಲ ನೋಡು."

ವರಾಂಡದಲ್ಲಿ ಭೂತಪಾಲನ ಸಾಲನ್ನು ತೋರಿಸಿದೆ. ಮಗಳು ಮೊದಲೇ ಕಲಿತಿಟ್ಟುಕೊಂಡಿದ್ದಳು, ಅಜ್ಜನಿಗೆ ಬ್ರಾಹ್ಮಿಯ ಅಕ್ಷರಗಳನ್ನು ಒಂದೊಂದಾಗಿ ಬೆರಳಿನಿಂದ ಗಾಳಿಯಲ್ಲಿ ಬರೆದು ತೋರಿಸಿದಳು. ಅಪ್ಪಯ್ಯ ಖುಷಿಪಡುತ್ತಾರೆ ಎಂದುಕೊಂಡಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ಇಲ್ಲಿ ಬಂದು ಇಷ್ಟೆಲ್ಲ ಮಾಡಿದ್ನಲ್ಲ ತಮಾ, ಬನವಾಸೀಲಿ ಇವನ ಮನೆ ನೋಡ್ಕೊಳ್ಳುವವ್ರು ಯಾರಿದ್ರೋ ಏನೋ."

ನಾನು ಕಲ್ಲು ನೋಡುತ್ತ ನಿಂತೆ. ಮಗಳು ನನ್ನ ಮುಖ ನೋಡಿದಳು.

ಇಳಿಯುವುದು ಹತ್ತುವುದಕ್ಕಿಂತ ಕಷ್ಟವಾಯಿತು. ಇಟ್ಟ ಹೆಚ್ಚುವರಿ ಗಂಟೆ ಅಲ್ಲೇ ಮುಗಿಯಿತು. ಮಳವಲಿಯ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಅಪ್ಪಯ್ಯ ಚಪ್ಪಲಿ ಕಳಚಿ ಕಾಲು ಚಾಚಿ ಕೂತರು. ಮಗಳು ಮೊದಲ ಸಲ ರೈಲು ತಪ್ಪಿದ ಕತೆಯನ್ನು, ನಾನು ಎಷ್ಟು ಕಂಗಾಲಾಗಿದ್ದೆ ಎಂಬುದನ್ನೂ ಸೇರಿಸಿ ಅಜ್ಜನಿಗೆ ಹೇಳುತ್ತಿದ್ದಳು. ಅವರು ನಕ್ಕರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು.

"ಆ ಭೂತಪಾಲ ವಾಪಸ್ ಹೋದ್ನಾ?"

"ಶಾಸನದಲ್ಲಿ ಅದೆಲ್ಲ ಇಲ್ಲ ಅಪ್ಪಯ್ಯ."

"ಹೆಸರಿನ ಜೊತೆ ಊರು ಹಾಕ್ಸಿದಾನಲ," ಅಂದರು. ಸ್ವಲ್ಪ ತಡೆದು, "ಗುತ್ತಿಗೆಗೆ ಕೊಡೋದಾದ್ರೆ ಮೇ ತಿಂಗಳ ಒಳಗೆ ಹೇಳ್ಬೇಕು. ನೀ ಒಂದ್ಸಲ ಬಂದು ತೋಟ ತಿರುಗಿ ನೋಡ್ಕೊಂಡು ಹೇಳು," ಅಂದರು.

ಹೂಂ ಅಂದೆ. ರೈಲು ಹತ್ತು ನಿಮಿಷ ತಡವಾಗಿ ಬಂತು. ಮೊದಲು ಮಗಳು ಹತ್ತಿ ಕಿಟಕಿಯ ಪಕ್ಕ ಅಜ್ಜನಿಗೆ ಜಾಗ ಹಿಡಿದಳು.